ಶೋಗುನ್ನರೂ ನಕಲು ಮಾಡಿಸಿದರು

ಜಪಾನಿನ ಸಮುರಾಯ್ ಶಿರಸ್ತ್ರಾಣ ಕಬುಟೊವನ್ನೂ ಅದರ ಜೊತೆಗಾರ ಮುಖಕವಚ ಮೆಂಪೊವನ್ನೂ ಸಂಗ್ರಹಿಸುವವರಲ್ಲಿ ಒಂದು ಬಗೆಯ ಮಡಿವಂತಿಕೆ ಬೆಳೆದಿದೆ. ಯಾರಾದರೂ ತಮ್ಮ ಮನೆಯಲ್ಲಿ ಒಂದು ಕಬುಟೊ ಇದೆ ಎಂದು ಬಾಯಿಬಿಟ್ಟರೆ ಮೊದಲ ಪ್ರಶ್ನೆ ‘ಅಸಲಿಯೋ?’ ಎಂಬುದೇ. ಅಲ್ಲ, ಪ್ರತಿಕೃತಿ ಎಂದರೆ ಮುಗಿಯಿತು. ಕೇಳಿದವರ ಮುಖದಲ್ಲಿ ಕರುಣೆ ಮೂಡುತ್ತದೆ. ‘ಪರವಾಗಿಲ್ಲ ಬಿಡಿ, ಅಲಂಕಾರಕ್ಕೆ ಚೆನ್ನಾಗಿರುತ್ತದೆ’ ಎಂಬ ಸಮಾಧಾನವೂ ಬರುತ್ತದೆ. ಆ ಸಮಾಧಾನದ ಹಿಂದೆ ಒಂದು ಸಿದ್ಧಾಂತವೇ ಇದೆ: ಹಳೆಯದು ಮಾತ್ರ ನಿಜ, ಅದನ್ನು ನೋಡಿ ಮಾಡಿದ್ದು ಸುಳ್ಳು, ಹಳೆಯದರಲ್ಲಿ ವೀರನ ಬೆವರಿದೆ, ಹೊಸದರಲ್ಲಿ ಕಾರ್ಖಾನೆಯ ಎಣ್ಣೆ ಮಾತ್ರ, ಪ್ರತಿಕೃತಿಯನ್ನು ಕೊಳ್ಳುವವನು ಹಣವಿಲ್ಲದವನು, ಇಲ್ಲವೇ ತಿಳಿವಿಲ್ಲದವನು. ಹರಾಜು ಮನೆಗಳ ಕ್ಯಾಟಲಾಗುಗಳಿಂದ ಹಿಡಿದು ಹವ್ಯಾಸಿಗಳ ಹರಟೆಯವರೆಗೆ ಈ ಮಾತು ಎಷ್ಟು ಹಾಸುಹೊಕ್ಕಾಗಿದೆಯೆಂದರೆ ಅದನ್ನು ಪ್ರಶ್ನಿಸುವುದೇ ಅರಸಿಕತನ ಎನಿಸುವಂತಾಗಿದೆ.

ಆ ಅರಸಿಕತನಕ್ಕೆ ನಾನು ಸಿದ್ಧ. ಈ ಸಿದ್ಧಾಂತ ತಪ್ಪು ಎಂದಷ್ಟೇ ನನ್ನ ವಾದವಲ್ಲ. ಯಾವ ವಸ್ತುವಿನ ಹೆಸರಿನಲ್ಲಿ ಅದನ್ನು ಸಾರಲಾಗುತ್ತಿದೆಯೋ ಆ ವಸ್ತುವೇ ಅದಕ್ಕೆ ವಿರುದ್ಧ ಸಾಕ್ಷಿ ಹೇಳುತ್ತದೆ. ಜಗತ್ತಿನಲ್ಲಿ ಅಸಲಿಯನ್ನು ಪೂಜಿಸಿ ನಕಲನ್ನು ಹಳಿಯಲು ಯೋಗ್ಯವಾದ ವಸ್ತುಗಳು ಇರಬಹುದು. ಸಮುರಾಯ್ ಶಿರಸ್ತ್ರಾಣ ಆ ಪಟ್ಟಿಯಲ್ಲಿ ಕಟ್ಟಕಡೆಗೆ ಬರಬೇಕು.

ಸಾಕ್ಷಿಯನ್ನು ತುಂಬ ಮೇಲಿನವರಿಂದಲೇ ಕರೆಯೋಣ. ಶಿಜುಓಕದ ಬಳಿಯ ಕುನೋಜಾನ್ ತೋಶೋಗು ದೇಗುಲದಲ್ಲಿ ತೊಕುಗಾವ ಇಎಯಾಸುವಿನ ಒಂದು ಕವಚವಿದೆ. 1600ರ ಸೆಕಿಗಾಹರ ಯುದ್ಧದೊಂದಿಗೆ ಅವನ ಹೆಸರನ್ನೂ ಈ ಕವಚವನ್ನೂ ಪರಂಪರೆ ಬಿಗಿಯಾಗಿ ಕಟ್ಟಿದೆ. ಅದರ ಶಿರಸ್ತ್ರಾಣದ ಆಕಾರ ದೈಕೊಕುತೆನ್ ದೇವರ ಮೆತ್ತನೆಯ ಟೋಪಿಯದು. ದೈಕೊಕುತೆನ್ ಬೇರೆ ಯಾರೂ ಅಲ್ಲ, ನಮ್ಮ ಮಹಾಕಾಲ. ಬೌದ್ಧಧರ್ಮದ ಹಾದಿ ಹಿಡಿದು ಜಪಾನಿಗೆ ಹೋಗಿ, ದಾರಿಯಲ್ಲೆಲ್ಲೋ ತನ್ನ ಉಗ್ರರೂಪ ಬಿಟ್ಟು, ಹೊಟ್ಟೆ ಬೆಳೆಸಿಕೊಂಡು ಅಕ್ಕಿಮೂಟೆಯ ಮೇಲೆ ನಗುತ್ತ ಕುಳಿತ ಸಂಪತ್ತಿನ ದೇವತೆ. ಜಪಾನನ್ನು ಗೆದ್ದವನ ತಲೆಯ ಮೇಲೆ ಆ ದೇವರ ಬಟ್ಟೆಯ ಟೋಪಿಯನ್ನು ಅನುಕರಿಸಿದ ಕಬ್ಬಿಣ. ಇಎಯಾಸು ಸತ್ತ ಮೇಲೆ ಅವನ ವಂಶದ ಶೋಗುನ್ನರು, ಅಂದರೆ ದೇಶವಾಳಿದ ಸೇನಾಧಿಪತಿಗಳು, ಏನು ಮಾಡಿದರು? ಈ ಕವಚದ ಪ್ರತಿಕೃತಿಗಳನ್ನು ಮಾಡಿಸಿಟ್ಟುಕೊಂಡರು. ಅವರಿಗೆ ಹಣದ ಕೊರತೆಯಿತ್ತೇ? ಇಡೀ ದೇಶದ ಅಕ್ಕಿಯ ಲೆಕ್ಕ ಅವರ ಕೈಯಲ್ಲಿತ್ತು. ತಿಳಿವಿನ ಕೊರತೆಯಿತ್ತೇ? ಅಸಲಿ ಎಲ್ಲಿದೆ ಎಂಬುದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಪ್ರತಿಕೃತಿ ಮಾಡಿಸುವುದರಲ್ಲಿ ಅವರಿಗೆ ಅವಮಾನ ಕಾಣಲಿಲ್ಲ. ಮೂಲಪುರುಷನ ಗೆಲುವಿನಲ್ಲಿ ಪಾಲು ಪಡೆಯುವ ದಾರಿ ಅದೇ ಎಂದುಕೊಂಡರು. ಶೋಗುನ್ನರ ಎಡೊ ಕೋಟೆಯಲ್ಲಿ ನಕಲಿಗೆ ಸಿಕ್ಕ ಗೌರವ ಇಂದು ಡ್ರಾಯಿಂಗ್ ರೂಮಿನ ಶೋಕೇಸಿನಲ್ಲಿ ಸಿಗುವುದಿಲ್ಲ ಎಂದರೆ ಮಡಿವಂತಿಕೆ ಯಾರದು, ಎಲ್ಲಿಂದ ಬಂದದ್ದು ಎಂದು ಯೋಚಿಸಬೇಕು.

ಇನ್ನು ಲೋಹದ ಮಾತು. ‘ನಿಜವಾದದ್ದು ಕಬ್ಬಿಣ, ಪ್ರತಿಕೃತಿ ರೆಸಿನ್ನು’ ಎಂಬುದು ಮಡಿವಂತರ ನೆಚ್ಚಿನ ಮಂತ್ರ. ಹಾಗಾದರೆ ಹೊಂಡ ತದಕಾತ್ಸುವಿನ ಶಿರಸ್ತ್ರಾಣವನ್ನು ಏನು ಮಾಡೋಣ? ಇಎಯಾಸುವಿನ ನಾಲ್ವರು ಪ್ರಮುಖ ಸೇನಾನಿಗಳಲ್ಲಿ ಒಬ್ಬನಾದ ಈತನ ತಲೆಯ ಮೇಲಿನ ಜಿಂಕೆಕೊಂಬುಗಳು ಎಷ್ಟು ಪ್ರಸಿದ್ಧವೆಂದರೆ ಇವತ್ತು ವಿಡಿಯೊ ಗೇಮ್ ಆಡುವ ಹುಡುಗರಿಗೂ ಅವು ಗುರುತು. ಆ ಕೊಂಬುಗಳು ಜಿಂಕೆಯವಲ್ಲ. ಕಬ್ಬಿಣದವೂ ಅಲ್ಲ. ವಾಶಿ ಕಾಗದವನ್ನು ಪದರಪದರವಾಗಿ ಅಂಟಿಸಿ, ಕಪ್ಪು ಮೆರುಗೆಣ್ಣೆ ಬಳಿದು ಗಟ್ಟಿ ಮಾಡಿದವು. ಕಾಗದ! ಅದೇ ಕಾಲದ ಸೇನಾನಿ ಕತೊ ಕಿಯೊಮಾಸನ ಹೆಸರಿನೊಂದಿಗೆ ಬರುವ, ಆಸ್ಥಾನಿಕರ ಟೋಪಿಯಂತೆ ಎತ್ತರಕ್ಕೆ ಚಾಚಿದ ಶಿರಸ್ತ್ರಾಣದ ಮಾದರಿಯೂ ಇದೇ ಕುಲದ್ದು. ಇನ್ನೊಬ್ಬ ಸೇನಾನಿ ಕುರೋಡ ನಗಮಾಸನ ಇಚಿನೊತಾನಿ ಶಿರಸ್ತ್ರಾಣ ಇನ್ನೂ ಒಂದು ಹೆಜ್ಜೆ ಮುಂದೆ. 1184ರ ಇಚಿನೊತಾನಿ ಯುದ್ಧದಲ್ಲಿ ಮಿನಾಮೊತೊ ಯೊಶಿತ್ಸುನೆ ಕುದುರೆ ಸಮೇತ ಇಳಿದನೆಂದು ಹೇಳುವ ಕಡಿದಾದ ಬಂಡೆಯನ್ನೇ ಅದು ತಲೆಯ ಮೇಲೆ ನಿಲ್ಲಿಸುತ್ತದೆ. ಮರದ ಹಲಗೆಗೆ ಬೆಳ್ಳಿಯ ಹಾಳೆ ಹೊದಿಸಿ ಮಾಡಿದ ಬಂಡೆ. ಜಗಳವಾಡಿದ್ದ ನಗಮಾಸ ಮತ್ತು ಫುಕುಶಿಮ ಮಸನೋರಿ ರಾಜಿಯ ಗುರುತಾಗಿ ಶಿರಸ್ತ್ರಾಣಗಳನ್ನು ಬದಲಾಯಿಸಿಕೊಂಡಾಗ ಇದು ನಗಮಾಸನ ಕೈಗೆ ಬಂತು ಎಂಬುದು ಕುರೋಡ ಮನೆತನದ ಕಥೆ.

ಇಂಥ ವಿಚಿತ್ರಾಕಾರದ ಶಿರಸ್ತ್ರಾಣಗಳಿಗೆ ಕವಾರಿ ಕಬುಟೊ ಎಂದು ಹೆಸರು. ಒಳಗೆ ಕೆಲವೇ ತಗಡುಗಳಿಂದ ಜೋಡಿಸಿದ ಸಾದಾ ಕಬ್ಬಿಣದ ಬಟ್ಟಲು. ಅದರ ಮೇಲೆ ಕಾಗದ, ಮರ, ಚರ್ಮ, ಬಟ್ಟೆ, ಕೊನೆಗೆ ಉರುಶಿ ಮರದ ರಸದಿಂದ ತೆಗೆದ ಮೆರುಗು. ಬೆಕ್ಕುಮೀನಿನ ಬಾಲ, ಶಂಖ, ಪೀಚ್ ಹಣ್ಣು, ಮೊಲದ ಕಿವಿ, ಹೀಗೆ ಯಾವ ಆಕಾರವೂ ಅವರಿಗೆ ಹೊರಗಿನದಲ್ಲ. ಕಾರಣವೂ ವ್ಯಾವಹಾರಿಕವೇ. ಹದಿನಾರನೇ ಶತಮಾನದ ಕೊನೆಗೆ ಸೈನ್ಯಗಳು ದೊಡ್ಡದಾದವು, ಕೋವಿಯ ಹೊಗೆ ತುಂಬಿತು. ದೂರದಿಂದ ಯಾರು ಯಾರೆಂದು ತಿಳಿಯಬೇಕಿತ್ತು. ತೂಕ ಕುತ್ತಿಗೆಯನ್ನು ಮುರಿಯಬಾರದು, ಶತ್ರುವಿನ ಈಟಿ ಸಿಕ್ಕಿಕೊಂಡರೆ ಅಲಂಕಾರ ಕಳಚಿಹೋಗಬೇಕೇ ಹೊರತು ತಲೆ ಅದರ ಹಿಂದೆ ಹೋಗಬಾರದು. ಆದ್ದರಿಂದ ಹಗುರವಾದ, ಬೇಕಾದಾಗ ಮುರಿಯುವ ಸಾಮಗ್ರಿ. ಇದೆಲ್ಲ ಬಹಳ ಜಾಣತನದ ಕೆಲಸ. ಆದರೆ ಕಾಗದವನ್ನು ಕೊಂಬಿನಂತೆ ತೋರಿಸಿದ ಹದಿನಾರನೇ ಶತಮಾನದ ಕುಶಲಿಯನ್ನು ಕಲಾವಿದ ಎಂದು ಕೊಂಡಾಡಿ, ರೆಸಿನ್ನನ್ನು ಕೊಂಬಿನಂತೆ ತೋರಿಸಿದ ಇಂದಿನವನನ್ನು ವಂಚಕ ಎನ್ನುವುದಕ್ಕೆ ಯಾವ ತರ್ಕ?

ಅಲಂಕಾರದ ಭಾಗ ಬಿಡಿ ಎನ್ನಬಹುದು. ಕವಚದ ಮೈಯನ್ನೇ ನೋಡೋಣ. ಹಳೆಯ ಪದ್ಧತಿಯಲ್ಲಿ ಕವಚವೆಂದರೆ ಸಾವಿರಾರು ಪುಟ್ಟ ಹುರುಪೆಗಳನ್ನು ದಾರದಿಂದ ಹೆಣೆದದ್ದು. ಬಹಳ ಹೊತ್ತು ಹಿಡಿಯುವ, ದುಬಾರಿ ಕೆಲಸ. ಯುದ್ಧಗಳು ಹೆಚ್ಚಿದಾಗ ಕವಚ ಮಾಡುವವರು ಕಂಡುಕೊಂಡ ಉಪಾಯ ಏನು? ಒಂದೇ ಉದ್ದ ತಗಡನ್ನು ತೆಗೆದುಕೊಂಡು, ಅದರ ಮೇಲಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಮೈಮೇಲೆ ಮೆರುಗಿನ ಲೇಪವನ್ನು ಉಬ್ಬಿಸಿ ಕಟ್ಟಿ, ಬಿಡಿಬಿಡಿ ಹುರುಪೆಗಳು ಸಾಲಾಗಿ ನಿಂತಂತೆ ಕಾಣಿಸುವುದು. ಶಿರಸ್ತ್ರಾಣದಿಂದ ಕುತ್ತಿಗೆಗೆ ಇಳಿಬಿಡುವ ಶಿಕೊರೊದಲ್ಲೂ ಈ ಕೆಲಸ ಧಾರಾಳ. ತುಕ್ಕಿನ ಬಣ್ಣದ ಕಬ್ಬಿಣದಂತೆ ಕಾಣಲಿ ಎಂದೇ ಬಳಿಯುವ ಮೆರುಗಿನ ಬಗೆಯೊಂದಿದೆ; ಅದರ ಕೆಳಗೆ ಇರುವುದು ಚರ್ಮವೂ ಆಗಿರಬಹುದು. ಇದು ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದಿರುವ, ಅಸಲಿತನವನ್ನು ಯಾರೂ ಸಂಶಯಿಸದ ಕವಚಗಳ ಮಾತು. ಹುರುಪೆಯ ನಕಲು, ತುಕ್ಕಿನ ನಕಲು, ಕೊಂಬಿನ ನಕಲು, ದೇವರ ಟೋಪಿಯ ನಕಲು. ಸೋಗು ಹಾಕುವುದು ಈ ವಸ್ತುವಿನ ಹುಟ್ಟುಗುಣ.

ಮುಖಕವಚವಂತೂ ಹೇಳಿಕೇಳಿ ಸೋಗಿನದೇ. ಸುಕ್ಕುಗಟ್ಟಿದ ಕೆನ್ನೆ, ಬಿಚ್ಚಿದ ಬಾಯಿ, ಚಿನ್ನ ಅಥವಾ ಬೆಳ್ಳಿ ಬಳಿದ ಹಲ್ಲು, ಪ್ರಾಣಿಯ ಕೂದಲಿನ ಮೀಸೆ. ಇಪ್ಪತ್ತು ವರ್ಷದ ಹುಡುಗ ಅರವತ್ತರ ಮುದುಕನ ಮುಖ ಹಾಕಿಕೊಳ್ಳಬಹುದಿತ್ತು. ಅಂಥ ಮುದುಕನ ಮುಖದ ಮಾದರಿಗಳು ಇವೆ, ಉದ್ದಮೂಗಿನ ತೆಂಗು ಪಿಶಾಚಿಯ ಮಾದರಿಗಳೂ ಇವೆ.

ಈಗ ಮಡಿವಂತರು ನಿಜವಾಗಿ ಕೊಳ್ಳುತ್ತಿರುವುದು ಏನನ್ನು ಎಂದು ನೋಡೋಣ. ಅವರ ಕಣ್ಣಮುಂದಿರುವ ಚಿತ್ರ ರಣರಂಗದ್ದು: ಕತ್ತಿಯೇಟು ತಿಂದ ಬಟ್ಟಲು, ಗುಂಡು ತಾಗಿದ ತಗ್ಗು. ಆದರೆ ಒಸಾಕ ಕೋಟೆ 1615ರಲ್ಲಿ ಬಿದ್ದ ಮೇಲೆ, 1637–38ರ ಶಿಮಬಾರ ದಂಗೆಯನ್ನು ಬಿಟ್ಟರೆ, ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೆ ಜಪಾನಿನೊಳಗೆ ಹೇಳಿಕೊಳ್ಳುವಂಥ ಯುದ್ಧವೇ ಇಲ್ಲ. ಎರಡು ಶತಮಾನಕ್ಕೂ ಮೀರಿದ, ಎಡೊ ಕಾಲದ ಶಾಂತಿ. ಮಾರುಕಟ್ಟೆಗೆ ಬರುವ ಶಿರಸ್ತ್ರಾಣಗಳಲ್ಲಿ ದೊಡ್ಡ ಪಾಲು ಈ ಶಾಂತಿಕಾಲದ್ದು. ಸಾಮಂತರು ಎಡೊಗೆ ಸರದಿಯ ಮೇಲೆ ಬಂದುಹೋಗುವ ಮೆರವಣಿಗೆಗಾಗಿ, ಮನೆತನದ ಪ್ರತಿಷ್ಠೆಗಾಗಿ, ಹೊಸ ವರ್ಷದಲ್ಲಿ ಕವಚದ ಮುಂದೆ ಅಕ್ಕಿಯ ಮೋಚಿ ಇಟ್ಟು ಗೌರವಿಸುವ ವಿಧಿಗಾಗಿ ಮಾಡಿಸಿದವು. ಅರವತ್ತೆರಡು ತಗಡುಗಳನ್ನು ಏಣುಏಣಾಗಿ ಜೋಡಿಸಿದ ಬಟ್ಟಲನ್ನು ಕಂಡರೆ ಸಂಗ್ರಾಹಕರು ಉಸಿರು ಹಿಡಿಯುತ್ತಾರೆ. ಅದು ಕೌಶಲದ ಪ್ರದರ್ಶನ ನಿಜ. ಆದರೆ ಹದಿನಾರನೇ ಶತಮಾನದ ಕದನಗಳಲ್ಲಿ ಸಾವಿರಾರು ತಲೆಗಳನ್ನು ಕಾಯ್ದದ್ದು ನಾಲ್ಕಾರು ತಗಡಿನ, ಬೇಗ ಆಗುವ, ಅಗ್ಗದ ಜುನಾರಿ ಬಟ್ಟಲು. ಅದಕ್ಕೆ ಹರಾಜಿನಲ್ಲಿ ಅಷ್ಟು ಗೌರವವಿಲ್ಲ. ರಣದ ನೆನಪನ್ನು ಕೊಳ್ಳುತ್ತೇವೆ ಎನ್ನುವವರು ಮೆರವಣಿಗೆಯ ಟೋಪಿಗೆ ಹೆಚ್ಚು ಬೆಲೆ ಕೊಡುತ್ತಾರೆ.

ಇನ್ನು ಆ ಮೆರವಣಿಗೆಯ ಕವಚಗಳಲ್ಲೂ ಎಷ್ಟೋ, ಬೇಕೆಂದೇ ಹಳೆಯದರಂತೆ ಮಾಡಿದವು. ಹದಿನೆಂಟನೇ ಶತಮಾನದಲ್ಲಿ ಪ್ರಾಚೀನದ ಹುಚ್ಚು ಹಿಡಿದಿತ್ತು. ಪಂಡಿತ ಅರಾಯ್ ಹಕುಸೆಕಿ ಹಳೆಯ ಶಸ್ತ್ರಕವಚಗಳ ಇತಿಹಾಸ ಬರೆದ. ಮತ್ಸುದೈರ ಸದನೊಬು ಮುಂದೆ ನಾಡಿನ ಪುರಾತನ ವಸ್ತುಗಳ ಚಿತ್ರಸಂಪುಟವನ್ನೇ ಹೊರತಂದ. ಸಾಮಂತರು ಕಾಮಾಕುರ ಕಾಲದ ದೊಡ್ಡ ಕವಚಗಳ ಮಾದರಿಯಲ್ಲಿ, ನಾನೂರು ಐನೂರು ವರ್ಷ ಹಿಂದಿನ ಶೈಲಿಯಲ್ಲಿ, ಹೊಸ ಕವಚ ಮಾಡಿಸಿಕೊಂಡರು. ಅವು ಪ್ರತಿಕೃತಿಗಳು; ಬೇರೆ ಹೆಸರಿಲ್ಲ. ಇಂದು ಅವು ‘ಎಡೊ ಕಾಲದ ಅಸಲಿ’ ಎಂದು ಮಾರಾಟವಾಗುತ್ತವೆ. ಇನ್ನೂರು ವರ್ಷ ಧೂಳು ಕುಡಿದರೆ ಸಾಕು, ನಕಲಿಗೂ ಮಡಿ ಉಡಿಸಬಹುದು ಎಂದಾಯಿತು.

ಹಸ್ತಾಕ್ಷರದ ಕಥೆ ಕೇಳಿದರೆ ಇನ್ನೂ ಮಜಾ. ಕವಚ ಮಾಡುವ ಮನೆತನಗಳಲ್ಲಿ ಮ್ಯೋಚಿನ್ ಎಂಬ ಹೆಸರಿಗೆ ಎಲ್ಲಿಲ್ಲದ ಬೆಲೆ. ಕಮ್ಮಾರಿಕೆಯಲ್ಲಿ ಅವರು ನಿಜಕ್ಕೂ ದೊಡ್ಡವರು. ಕಬ್ಬಿಣವನ್ನು ಒಳಗಿನಿಂದ ಬಡಿದು ಉಬ್ಬಿಸಿ ಡ್ರ್ಯಾಗನ್ನನ್ನು ಎಬ್ಬಿಸುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಆದರೆ ಎಡೊ ಕಾಲದಲ್ಲಿ ಕೆಲಸಕ್ಕಿಂತ ವಂಶಾವಳಿ ಹೆಚ್ಚು ಮಾರಾಟವಾಗತೊಡಗಿತು. ಹನ್ನೆರಡನೇ ಶತಮಾನದ ಚಕ್ರವರ್ತಿಯೇ ಆ ಹೆಸರು ಕೊಟ್ಟನೆಂಬ ಕಥೆ, ಅದಕ್ಕೂ ಹಿಂದೆ ಪುರಾಣಪುರುಷರವರೆಗೆ ಹೋಗುವ ಪೀಳಿಗೆಗಳ ಪಟ್ಟಿ. ಹದಿನೇಳನೇ ಶತಮಾನದ ಕೊನೆ, ಹದಿನೆಂಟರ ಆರಂಭದಲ್ಲಿದ್ದ ಮ್ಯೋಚಿನ್ ಮುನೆಸುಕೆ ಮತ್ತು ಅವನ ನಂತರದವರು ಸಹಿಯಿಲ್ಲದ ಹಳೆಯ ಬಟ್ಟಲುಗಳನ್ನು ಪರೀಕ್ಷಿಸಿ, ಇದು ನಮ್ಮ ಇಂಥ ಪೂರ್ವಜನ ಕೈಕೆಲಸ ಎಂದು ಪ್ರಮಾಣಪತ್ರ ಬರೆದುಕೊಟ್ಟರು. ಆ ಪೂರ್ವಜರಲ್ಲಿ ಹಲವರು ಇದ್ದಿರಲೇ ಇಲ್ಲ ಎಂಬುದು ಇಂದಿನ ವಿದ್ವಾಂಸರ ಅಭಿಪ್ರಾಯ. ಅಂದರೆ ವಸ್ತು ಹಳೆಯದು, ಕಾಗದ ಸುಳ್ಳು. ಸಂಗ್ರಾಹಕನ ಜೇಬು ಬಿಚ್ಚಿಸಿದ್ದು ಯಾವುದು? ಕಾಗದವೇ. ಅಸಲಿತನದ ಮೇಲಿನ ಮೋಹವೇ ಸುಳ್ಳಿನ ಕಾರ್ಖಾನೆಯನ್ನು ನಡೆಸಿತು. ‘ಇದು ಇಂದು ಮಾಡಿದ್ದು’ ಎಂದು ಹೇಳಿ ಮಾರುವವನಿಗೆ ಅಂಥ ಕಾಗದದ ಹಂಗಿಲ್ಲ. ಅಂದಹಾಗೆ, ಆ ಮನೆತನ ಇಂದೂ ಹಿಮೆಜಿಯಲ್ಲಿ ಕಬ್ಬಿಣ ಬಡಿಯುತ್ತಿದೆ. ಕೆಂಡ ಹಿಡಿಯುವ ಇಕ್ಕಳಗಳನ್ನು ತೂಗುಬಿಟ್ಟು ಮಾಡಿದ ಅವರ ಗಾಳಿಗಂಟೆಗಳ ಸ್ವರ ಬಹಳ ಇಂಪು. ಅದಕ್ಕೆ ಯಾವ ವಂಶಾವಳಿಯೂ ಬೇಕಿಲ್ಲ.

ಪ್ರಾಮಾಣಿಕವಾದ ಕಾಗದವೂ ಎಡವುತ್ತದೆ. 1613ರಲ್ಲಿ ಶೋಗುನ್ ತೊಕುಗಾವ ಹಿದೆತದ ಇಂಗ್ಲೆಂಡಿನ ರಾಜ ಒಂದನೇ ಜೇಮ್ಸನಿಗೆ ಉಡುಗೊರೆಯಾಗಿ ಕವಚಗಳನ್ನು ಕಳಿಸಿದ. ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಜಾನ್ ಸಾರಿಸ್ ಅವನ್ನು ಹಡಗಿನಲ್ಲಿ ಒಯ್ದ. ತಯಾರಕ ನಾರಾದ ಇವಾಯಿ ಯೊಜಾಎಮೊನ್. ಅಸಲಿಯಲ್ಲಿ ಅಸಲಿ. ಆದರೆ ಅದೇ ಹದಿನೇಳನೇ ಶತಮಾನ ಮುಗಿಯುವುದರೊಳಗೆ ಲಂಡನ್ ಟವರಿನ ದಾಖಲೆಯಲ್ಲಿ ಅವುಗಳಲ್ಲೊಂದು ‘ಮಹಾ ಮೊಗಲ’ನ ಕವಚವಾಗಿಬಿಟ್ಟಿತ್ತು. ನೋಡಲು ಬಂದ ಲಂಡನ್ನಿನ ಜನ ದಿಲ್ಲಿಯ ಬಾದಶಹನನ್ನು ನೆನೆದು ಬೆರಗಾಗಿ ಹೋದರು. ಅಸಲಿ ವಸ್ತು ತನ್ನ ಸತ್ಯವನ್ನು ತಾನೇ ಹೇಳುತ್ತದೆ ಎಂಬ ಭ್ರಮೆ ಇರುವವರು ಈ ಕವಚದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಈಗ ಅದು ಇಂಗ್ಲೆಂಡಿನ ರಾಜಶಸ್ತ್ರಾಗಾರದ ಸಂಗ್ರಹದಲ್ಲಿ ಸರಿಯಾದ ಹೆಸರಿನಲ್ಲೇ ಇದೆ.

ಒಂದು ಹಳೆಯ ಕಬುಟೊವನ್ನು ಎತ್ತಿಕೊಂಡು ಇದರಲ್ಲಿ ಎಷ್ಟು ಹಳೆಯದು ಎಂದು ಕೇಳಿದರೆ ಉತ್ತರ ಸುಲಭವಲ್ಲ. ರೇಷ್ಮೆಯ ದಾರ ಕೊಳೆಯುತ್ತದೆ, ಹಾಗಾಗಿ ಮತ್ತೆ ಮತ್ತೆ ಹೆಣೆಯುತ್ತಾರೆ. ಬಟ್ಟಲು ಒಬ್ಬನದು, ಶಿಕೊರೊ ಮೊಮ್ಮಗನ ಕಾಲದ್ದು, ಹಣೆಯ ಲಾಂಛನ ಬೇರೆ ಮನೆಯದು. ಅದರಲ್ಲೂ ಮೇಜಿ ಕಾಲ ಎಲ್ಲವನ್ನೂ ಕಲಸಿಹಾಕಿತು. 1871ರಲ್ಲಿ ಸಂಸ್ಥಾನಗಳು ರದ್ದಾದವು, 1876ರಲ್ಲಿ ಕತ್ತಿ ಧರಿಸುವ ಹಕ್ಕು ಹೋಯಿತು. ಹೊಟ್ಟೆಪಾಡಿಗೆ ಸಮುರಾಯ್ ಮನೆಗಳು ಕವಚಗಳನ್ನು ಮಾರಿದವು. ಯೊಕೊಹಾಮದ ಅಂಗಡಿಗಳಲ್ಲಿ ಒಂದರ ಮುಖಕವಚ, ಇನ್ನೊಂದರ ಶಿರಸ್ತ್ರಾಣ, ಮೂರನೆಯದರ ತೋಳು ಸೇರಿಸಿ ‘ಪೂರ್ತಿ ಜೊತೆ’ ಮಾಡಿ ವಿದೇಶಿಯರಿಗೆ ಕೊಟ್ಟರು. ಇವತ್ತು ಪಶ್ಚಿಮದ ಎಷ್ಟೋ ಬಂಗಲೆಗಳಲ್ಲಿ ನಿಂತಿರುವ ‘ಅಸಲಿ ಸಮುರಾಯ್’ ಎಂಬುವನು ಒಬ್ಬನಲ್ಲ, ನಾಲ್ವರು.

ತೋಕಿಯೊದ ಪಶ್ಚಿಮಕ್ಕೆ ಓಮೆ ಎಂಬಲ್ಲಿ ಮುಸಾಶಿ ಮಿತಾಕೆ ದೇಗುಲವಿದೆ. ಅಲ್ಲಿನ ಕೆಂಪುದಾರದ ಕವಚ ರಾಷ್ಟ್ರನಿಧಿ. ಹನ್ನೆರಡನೇ ಶತಮಾನದ ವೀರ ಹತಕೆಯಾಮ ಶಿಗೆತದ ಅರ್ಪಿಸಿದನೆಂದು ಪರಂಪರೆ. ಅದರ ಹಳೆಯ ದಾರಕ್ಕೆ ಮಂಜಿಷ್ಠದ ಜಾತಿಯ ಬೇರಿನಿಂದ ಬಣ್ಣ ಕಟ್ಟಿದ್ದರು. 1903ರ ದುರಸ್ತಿಯಲ್ಲಿ ಹರಿದುಹೋದ ಕಡೆ ರಾಸಾಯನಿಕ ಬಣ್ಣದ ಹೊಸ ದಾರ ಹಾಕಿದರು. ನೂರು ವರ್ಷ ಕಳೆಯುವುದರೊಳಗೆ ಹೊಸ ದಾರ ಬಿಳಚಿಕೊಂಡಿತು. ಎಂಟು ನೂರು ವರ್ಷದ ದಾರ ಕೆಂಪಾಗಿಯೇ ಇದೆ. ನೋಡಿದಿರಾ, ಹಳೆಯದೇ ಗೆದ್ದಿತು ಎಂದು ಮಡಿವಂತರು ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ. ಆದರೆ 1903ರವರು ಸೋತದ್ದು ಹೊಸಬರಾದ್ದರಿಂದ ಅಲ್ಲ. ಬಣ್ಣವನ್ನು ನೋಡಿದರು, ಬಣ್ಣ ಕಟ್ಟುವುದನ್ನು ಕಲಿಯಲಿಲ್ಲ. ಕಣ್ಣಿಗೆ ಕಂಡಷ್ಟನ್ನೇ ನಕಲು ಮಾಡಿದರು. ನನ್ನ ಜಗಳ ಕೊನೆಗೆ ಬಂದು ನಿಲ್ಲುವುದು ಈ ವ್ಯತ್ಯಾಸದ ಮೇಲೆಯೇ, ಅದಕ್ಕೆ ಮತ್ತೆ ಬರುತ್ತೇನೆ.

ಅದಕ್ಕೂ ಮೊದಲು, ಜಪಾನು ನಕಲನ್ನು ಹೇಗೆ ಕಂಡಿತು ಎಂಬುದಕ್ಕೆ ಎರಡು ಸಂಗತಿ. 1543ರಲ್ಲಿ ತಾನೆಗಾಶಿಮ ದ್ವೀಪಕ್ಕೆ ಬಂದ ಪೋರ್ಚುಗೀಸರ ಕೈಯಲ್ಲಿ ಕೋವಿಗಳಿದ್ದವು. ದ್ವೀಪದ ಒಡೆಯ ತಾನೆಗಾಶಿಮ ತೊಕಿತಾಕ ಎರಡನ್ನು ಕೊಂಡು, ಕಮ್ಮಾರನಿಗೆ ಕೊಟ್ಟು ಹೀಗೇ ಮಾಡು ಎಂದ. ನಳಿಗೆಯ ಹಿಂಬದಿಯನ್ನು ಮುಚ್ಚುವ ತಿರುಪು ಮಾತ್ರ ಆ ಕಮ್ಮಾರನಿಗೆ ಬಗೆಹರಿಯಲಿಲ್ಲ ಎಂದೂ, ಅದನ್ನು ಕಲಿತ ಮೇಲೆ ಕೋವಿ ಸಿದ್ಧವಾಯಿತೆಂದೂ ಹೇಳುತ್ತಾರೆ. ಮೂರು ದಶಕದಲ್ಲಿ, 1575ರ ನಾಗಶಿನೊ ಯುದ್ಧದ ಹೊತ್ತಿಗೆ, ನಕಲಿನ ಮಕ್ಕಳುಮರಿಗಳು ಸೈನ್ಯಗಳ ಗತಿಯನ್ನೇ ಬದಲಾಯಿಸಿದ್ದವು. ಕವಚವೂ ಬದಲಾಯಿತು: ಹುರುಪೆ ಹೋಗಿ ದಪ್ಪ ತಗಡು ಬಂತು, ಯುರೋಪಿನ ಶಿರಸ್ತ್ರಾಣಗಳನ್ನೇ ತಂದು ಶಿಕೊರೊ ಜೋಡಿಸಿ ತೊಟ್ಟರು, ಅವುಗಳನ್ನು ನೋಡಿ ಜಪಾನಿನಲ್ಲಿಯೇ ಮಾಡಿದರು. ಸಂಗ್ರಾಹಕರು ಕಣ್ಣಿಗೊತ್ತಿಕೊಳ್ಳುವ ಶಿರಸ್ತ್ರಾಣದ ರೂಪವೇ ಒಂದು ನಕಲು ಕೋವಿಯ ದೆಸೆಯಿಂದ ಬಂದದ್ದು.

ಎರಡನೆಯದು ಇಸೆ ಮಹಾದೇಗುಲ. ಇಪ್ಪತ್ತು ವರ್ಷಕ್ಕೊಮ್ಮೆ ಅಲ್ಲಿ ದೇಗುಲವನ್ನೇ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುತ್ತಾರೆ. 2013ರಲ್ಲಿ ಆದದ್ದು ಅರವತ್ತೆರಡನೆಯ ಸಲ. ಕಟ್ಟಡದ ಜೊತೆಗೆ ದೇವರ ಉಡುಪು, ಕತ್ತಿ, ಬಿಲ್ಲು, ಗುರಾಣಿ, ಮಗ್ಗದ ಸಾಮಾನು, ಹೀಗೆ 714 ಬಗೆಯ 1,576 ವಸ್ತುಗಳನ್ನು ಹಳೆಯದರ ಅಳತೆಯಲ್ಲೇ ಹೊಸದಾಗಿ ಮಾಡಿಸುತ್ತಾರೆ. ಕೆಳಗಿಳಿಸಿದ ಹಳೆಯವನ್ನು ಹಿಂದಿನ ಕಾಲದಲ್ಲಿ ಸುಡುತ್ತಿದ್ದರು ಇಲ್ಲವೇ ಹೂಳುತ್ತಿದ್ದರು. ದೇವರ ಮುಂದೆ ನಿಂತದ್ದು ನಕಲು, ಬೆಂಕಿಗೆ ಹೋದದ್ದು ಅಸಲಿ! ನಮ್ಮ ಹರಾಜು ಮನೆಯವರು ಅಲ್ಲಿದ್ದಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು. ಅಲ್ಲಿ ಉಳಿಸಿಕೊಂಡದ್ದು ವಸ್ತುವನ್ನಲ್ಲ, ಮಾಡುವ ಕೈಯನ್ನು.

ಮೇ 5ರ ಮಕ್ಕಳ ಹಬ್ಬಕ್ಕೆ ಜಪಾನಿನ ಮನೆಗಳಲ್ಲಿ ಗಂಡುಮಗುವಿಗಾಗಿ ಪುಟ್ಟ ಕಬುಟೊ ಇಡುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಕಾಗೊಶಿಮದ ಸತ್ಸುಮಸೆಂದೈಯಲ್ಲಿರುವ ಮಾರುತಾಕೆ ಎಂಬ ಸಂಸ್ಥೆಯ ಹೆಸರು ಮಾತ್ರ ಹೇಳಬೇಕು. ಬಿದಿರಿನ ಗಾಳದ ಕೋಲು ಮಾಡುತ್ತಿದ್ದವರು ಕವಚಕ್ಕೆ ತಿರುಗಿದರು. ಇಂದು ಟಿವಿಯ ಐತಿಹಾಸಿಕ ಧಾರಾವಾಹಿಗಳಿಗೆ, ಸಿನಿಮಾಗಳಿಗೆ, ಊರಹಬ್ಬಗಳಿಗೆ ಶಿರಸ್ತ್ರಾಣ ಹೋಗುವುದು ಅಲ್ಲಿಂದ. ಕೋಫು ನಗರದ ಶಿಂಗೆನ್ ಉತ್ಸವದಲ್ಲಿ ಸಾವಿರಕ್ಕೂ ಹೆಚ್ಚು ಜನ ಕವಚ ತೊಟ್ಟು ನಡೆಯುತ್ತಾರಲ್ಲ, ಅವರ ಮೈಮೇಲಿರುವುದು ಪ್ರತಿಕೃತಿಗಳೇ. ಸಮುರಾಯ್ ದೊರೆ ತಕೆದ ಶಿಂಗೆನ್ನನ ಊರಿನವರಿಗೆ ಇದರಿಂದ ಮುಜುಗರವಾಗಿಲ್ಲ. ಆಗಬೇಕಾದ ಕಾರಣವೂ ಇಲ್ಲ. ಶಿಂಗೆನ್ನನ ಪ್ರತಿರೂಪಿಯ ಮೇಲೆಯೇ ಕುರೊಸಾವ 1980ರಲ್ಲಿ ‘ಕಾಗೆಮುಶ’ ಎಂಬ ಸಿನಿಮಾ ಮಾಡಿದರಲ್ಲವೇ.

ಹಾಗಾದರೆ ಮಡಿವಂತಿಕೆ ಎಲ್ಲಿಂದ ಬಂತು? ನನ್ನ ಊಹೆ ಹೀಗೆ: ಸಮುರಾಯ್‌ನ ‘ಆತ್ಮ’ವನ್ನು ಕೊಳ್ಳಬಹುದು ಎಂಬ ಆಸೆಯಿಂದ. ಆ ಆತ್ಮದ ಕಲ್ಪನೆಯನ್ನು ಜಗತ್ತಿಗೆ ಹಂಚಿದ ನಿತೋಬೆ ಇನಾಜೊ ಅವರ ‘ಬುಶಿದೊ’ ಬರೆದದ್ದು ಅಮೆರಿಕದಲ್ಲಿ, ಅಚ್ಚಾದದ್ದು ಫಿಲಡೆಲ್ಫಿಯಾದಲ್ಲಿ, ಅದೂ ಇಂಗ್ಲಿಷಿನಲ್ಲಿ, ಕತ್ತಿ ಕೆಳಗಿಟ್ಟು ಇಪ್ಪತ್ತಕ್ಕೂ ಹೆಚ್ಚು ವರ್ಷವಾದ ಮೇಲೆ. ಆ ಪುಸ್ತಕದ ನೆರಳಿನಲ್ಲಿ ಬೆಳೆದ ಸಂಗ್ರಾಹಕನಿಗೆ ಕಬುಟೊ ಒಂದು ಉಪಕರಣವಲ್ಲ, ತಾಯಿತ.

ಎದುರಾಳಿಗಳ ಬಳಿ ಗಟ್ಟಿ ವಾದವೇ ಇಲ್ಲ ಎಂದು ಹೇಳಿದರೆ ಅನ್ಯಾಯ. ಎರಡಿವೆ. ಹಳೆಯ ಲೋಹ ಇತಿಹಾಸಕ್ಕೆ ಸಾಕ್ಷಿ. ಯಾವ ಅದಿರು, ಎಷ್ಟು ಕಾಯಿಸಿದರು, ಗುಂಡನ್ನು ಎಷ್ಟು ತಡೆಯುತ್ತಿತ್ತು ಎಂಬುದನ್ನು ಅದು ಮಾತ್ರ ಹೇಳಬಲ್ಲದು. ಒಪ್ಪಿದೆ. ಆ ಸಾಕ್ಷಿಯ ಜಾಗ ಸಂಗ್ರಹಾಲಯ, ಪ್ರಯೋಗಶಾಲೆ. ಶೋಕೇಸಿನಲ್ಲಿ ದೀಪದ ಕೆಳಗೆ ದಾರ ಬಿಳಚಿಸಿಕೊಳ್ಳುವುದರಿಂದ ಇತಿಹಾಸಕ್ಕೆ ಲಾಭವಿಲ್ಲ. ಇನ್ನೊಂದು, ವಂಚನೆ. ಹೊಸ ಬಟ್ಟಲಿಗೆ ತುಕ್ಕು ಹಿಡಿಸಿ, ದಾರವನ್ನು ಚಹಾದಲ್ಲಿ ಅದ್ದಿ, ಹಳೆಯದೆಂದು ಮಾರುವವರಿದ್ದಾರೆ. ಇದ್ದಾರೆ, ಮೋಸವೇ ಅದು. ಆದರೆ ಅಂಥವನು ಪ್ರತಿಕೃತಿಯನ್ನು ಮಾರುತ್ತಿಲ್ಲ, ಅಸಲಿತನವನ್ನು ಮಾರುತ್ತಿದ್ದಾನೆ. ಅಸಲಿಗೆ ಇಷ್ಟು ಬೆಲೆ, ನಕಲಿಗೆ ಇಷ್ಟು ತಿರಸ್ಕಾರ ಇರುವುದರಿಂದಲೇ ಅವನ ಅಂಗಡಿ ನಡೆಯುತ್ತಿದೆ. ಒಳ್ಳೆಯ ಪ್ರತಿಕೃತಿಗೆ ಅದರದೇ ಮರ್ಯಾದೆ ಇದ್ದಿದ್ದರೆ ಮಾಡಿದವನು ಒಳಗೆ ತನ್ನ ಹೆಸರು, ವರ್ಷ ಕೊರೆದು ತಲೆಯೆತ್ತಿ ಮಾರುತ್ತಿದ್ದ.

ಒಳ್ಳೆಯ ಪ್ರತಿಕೃತಿ ಎಂದೆ. ಎಲ್ಲ ಪ್ರತಿಕೃತಿಯೂ ಒಳ್ಳೆಯದಲ್ಲ; ಮಾರುಕಟ್ಟೆಯಲ್ಲಿ ಬಹುಪಾಲು ಕಳಪೆ. ಆದರೆ ಅವು ಕಳಪೆಯಾಗಿರುವುದು ಹೊಸದಾಗಿರುವುದರಿಂದಲ್ಲ. 1800ರಲ್ಲಿ ಸಕಾಕಿಬಾರ ಕೋಜಾನ್ ಎಂಬ ಪಂಡಿತ ಕವಚ ತಯಾರಿಕೆಯ ಮೇಲೆ ಬರೆದ ಗ್ರಂಥದಲ್ಲಿ ತನ್ನ ಕಾಲದ ಕವಚಗಾರರನ್ನು ಚೆನ್ನಾಗಿ ಝಾಡಿಸಿದ್ದಾನೆ: ಹಳೆಯ ಅಂದಕ್ಕೆ ಮರುಳಾಗಿ ಬಳಕೆಯನ್ನು ಮರೆತರು, ಉಬ್ಬುಕೆತ್ತನೆ ಮಾಡಿ ಈಟಿಯ ಮೊನೆ ಸಿಕ್ಕಿಕೊಳ್ಳುವ ಜಾಗ ಮಾಡಿಕೊಟ್ಟರು ಎಂಬುದು ಅವನ ತಕರಾರಿನ ಸಾರ. ಅವನು ಬೈದದ್ದು ಅವನ ಕಾಲದ ‘ಅಸಲಿ’ಗಳನ್ನು. ಅವನ ಅಳತೆಗೋಲು ವಯಸ್ಸಲ್ಲ, ಇದು ಕೆಲಸ ಮಾಡುತ್ತದೆಯೇ ಎಂಬುದು. ಆ ಅಳತೆಗೋಲನ್ನೇ ಇಂದಿನ ಪ್ರತಿಕೃತಿಗೂ ಹಿಡಿಯಿರಿ ಎನ್ನುತ್ತೇನೆ.

ಹಿಡಿಯುವುದು ಕಷ್ಟವೇನಲ್ಲ. ಮುಖಕವಚವನ್ನು ತಿರುಗಿಸಿ ಗಲ್ಲದ ಕೆಳಗೆ ನೋಡಿ: ಬೆವರು ಇಳಿದುಹೋಗಲು ಒಂದು ಸಣ್ಣ ರಂಧ್ರ ಅಥವಾ ಕೊಳವೆ ಇರಬೇಕು. ಗಲ್ಲದ ಬಳಿ, ಕೆನ್ನೆಯ ಮೇಲೆ ಸಣ್ಣ ಗೂಟವೋ ಕೊಕ್ಕೆಯೋ ಇರಬೇಕು. ಶತ್ರುವನ್ನು ಹೆದರಿಸುವುದಷ್ಟೇ ಮೆಂಪೊದ ಕೆಲಸ ಎಂದು ನಂಬಿದವನು ಅವನ್ನು ಬಿಟ್ಟುಬಿಡುತ್ತಾನೆ. ನಿಜವಾಗಿ ಅದರ ದೊಡ್ಡ ಕೆಲಸ ಶಿರಸ್ತ್ರಾಣದ ಹಗ್ಗಕ್ಕೆ ಆಸರೆಯಾಗುವುದು. ಬರಿಯ ಗಲ್ಲಕ್ಕೆ ಬಿಗಿದರೆ ಚರ್ಮ ಉಜ್ಜುತ್ತದೆ, ಕುದುರೆ ಓಡಿದರೆ ಸಡಿಲವಾಗುತ್ತದೆ, ಕಬ್ಬಿಣದ ಗಲ್ಲಕ್ಕೆ ಬಿಗಿದು ಕೊಕ್ಕೆಗೆ ಸಿಕ್ಕಿಸಿದರೆ ಅಲುಗುವುದಿಲ್ಲ. ಬಟ್ಟಲಿನೊಳಗೆ ತಲೆಗೂ ಲೋಹಕ್ಕೂ ನಡುವೆ ಬಟ್ಟೆಯ ತೂಗು ಒಳಪದರ ಇರಬೇಕು, ಏಟಿನ ಜೋರು ತಲೆಬುರುಡೆಗೆ ನೇರ ಹೋಗದಂತೆ. ಶಿಕೊರೊದ ಸಾಲುಗಳು ಒಂದರ ಮೇಲೊಂದು ಜಾರಿ ಮಡಚಿಕೊಳ್ಳಬೇಕು, ಅಂಟಿಸಿದಂತೆ ನಿಲ್ಲಬಾರದು. ನನ್ನ ಬಳಿ ಇರುವುದು ಪ್ರತಿಕೃತಿ. ಹಗ್ಗ ಎಲ್ಲಿ ಸುತ್ತಿ ಎಲ್ಲಿ ಬಿಗಿಯಬೇಕು, ಶಿಕೊರೊ ಕಿವಿಯ ಮೇಲೆ ಇಳಿದಾಗ ಹಿಂದಿನಿಂದ ಬರುವ ದನಿ ಎಷ್ಟು ಮಂಕಾಗುತ್ತದೆ ಎಂಬುದು ನನಗೆ ತಿಳಿದದ್ದು ಅದನ್ನು ತಲೆಗೆ ಹಾಕಿಕೊಂಡ ಮೇಲೆ. ಮುನ್ನೂರು ವರ್ಷದ ಬಟ್ಟಲನ್ನು ಕೊಂಡವನು ಅದನ್ನು ಹಾಕಿಕೊಳ್ಳುವ ಧೈರ್ಯ ಮಾಡಲಾರ, ಮಾಡಲೂಬಾರದು.

ರಂಧ್ರವಿಲ್ಲದ, ಕೊಕ್ಕೆಯಿಲ್ಲದ, ಒಳಪದರವಿಲ್ಲದ ಪ್ರತಿಕೃತಿ ಮಾರುವವನನ್ನು ಧಾರಾಳವಾಗಿ ಬೈಯಿರಿ, ನಾನೂ ದನಿ ಸೇರಿಸುತ್ತೇನೆ. ಆದರೆ ಅದೇ ನಿಷ್ಠುರ ಕಣ್ಣನ್ನು ಹರಾಜು ಮನೆಯ ಕಡೆಗೂ ತಿರುಗಿಸಿ. ‘ಎಡೊ ಕಾಲದ ಅಸಲಿ ಕಬುಟೊ’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವುದು ಬೇಡ. ಬಟ್ಟಲು ಯಾವ ಕಾಲದ್ದು, ಸಹಿಯನ್ನು ಯಾರು ಯಾವಾಗ ಹಾಕಿದರು, ಶಿಕೊರೊ ಎಲ್ಲಿಂದ ಬಂತು, ದಾರ ಯಾವ ವರ್ಷದ್ದು, ಲಾಂಛನ ಮೂಲದ್ದೋ ಆಮೇಲೆ ಸಿಕ್ಕಿಸಿದ್ದೋ, ಮುಖಕವಚ ಇದೇ ಶಿರಸ್ತ್ರಾಣದ ಜೊತೆ ಹುಟ್ಟಿದ್ದೋ ಯೊಕೊಹಾಮದಲ್ಲಿ ಮದುವೆಯಾದದ್ದೋ, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದು ಬೆಲೆಯ ಪಕ್ಕದಲ್ಲೇ ಅಂಟಿಸಲಿ. ಪ್ರತಿಕೃತಿ ಮಾಡುವವನು ತನ್ನ ಚೀಟಿಯನ್ನು ಇಂದೇ ಬರೆದುಕೊಡಬಲ್ಲ, ಒಂದೇ ಸಾಲಿನಲ್ಲಿ. ಅವರ ಚೀಟಿ ಯಾವಾಗ ಬರುತ್ತದೆ?